ಅಕ್ಕನಿಗೆ ಒಣ ನೆಲ

ಮೊಗೆದು ಚೆಲ್ಲಿದಷ್ಟೂ ಗುಂಡಿಯ ತಳದಿಂದ ನೀರು ಒಸರುತ್ತಲೇ ಇತ್ತು. ಗುಂಡಿ ತೋಡುವವನು ತೊಡೆಮಟ್ಟದ ಕೆಸರಿನಲ್ಲಿ ನಿಂತು ಬಕೆಟ್ಟು ಎತ್ತಿ ಎತ್ತಿ ಸುರಿದ. ಊರಿನ ಹೆಣಗಳಿಗೆಲ್ಲ ಗುಂಡಿ ತೋಡಿದವನು ಇವತ್ತು ತೋಡುತ್ತಿದ್ದುದು ಒಡಹುಟ್ಟಿದ ಅಕ್ಕನಿಗೆ.

ದಡದ ಮೇಲೆ ಚಾಪೆಯಲ್ಲಿ ಸುತ್ತಿದ ಅಕ್ಕ. ತಲೆಯ ಕಡೆ ಅಮ್ಮ, ಕಾಲಿನ ಕಡೆ ಭಾವ.

"ಈ ನೀರಲ್ಲಿ ಹೆಂಗೋ ಮಲಗಿಸ್ತೀಯ ಅವಳನ್ನ?" ಅಮ್ಮ ಕೇಳಿದಳು. "ಹೋದ ಸಲ ಆ ಮುದುಕ ತೇಲಿ ಬಂದಿದ್ದು ಮರೆತುಹೋಯ್ತಾ?"

ಅವನು ಮರೆತಿರಲಿಲ್ಲ. ಮುದುಕನ ಎದೆಯ ಮೇಲೆ ಕಲ್ಲು ಹೇರಿ ಮತ್ತೆ ಮುಳುಗಿಸಿದವನು ಅವನೇ.

ಇವರ ಗುಡಿಸಲುಗಳು ಮೊದಲು ಮೇಲಿನ ಇಳಿಜಾರಿನಲ್ಲಿದ್ದವು. ಆ ಗುಡ್ಡದ ನೀರು ಹಳ್ಳವಾಗಿ ಹರಿದು ಪೇಟೆಯವರು ಕುಡಿಯುವ ಕೆರೆಗೆ ಸೇರುತ್ತದೆ, ಅಲ್ಲಿ ಯಾರೂ ಹೊಲಸು ಮಾಡಕೂಡದು ಎಂದು ಸರ್ಕಾರದವರು ಗುಡಿಸಲು ಕಿತ್ತು, ಇವರನ್ನು ತಗ್ಗಿಗೆ, ಸುಡುಗಾಡಿನ ಮಗ್ಗುಲಿಗೆ ತಂದು ಹಾಕಿದರು. ಆಮೇಲೆ ಅದೇ ಸರ್ಕಾರ ತನ್ನದೇ ಬೊಕ್ಕಸದ ಹಣ ಸುರಿದು ಅದೇ ಇಳಿಜಾರಿನಲ್ಲಿ ಬಡಾವಣೆ ಎಬ್ಬಿಸಿತು. ಬಡವರಿಗೆ ಮನೆ ಎಂದು ಮೈಕಿನಲ್ಲಿ ಸಾರಿದಾಗ ತಗ್ಗಿನವರೂ ಹಿಗ್ಗಿದ್ದರು. ಮನೆ ಸಿಕ್ಕಿದ್ದು ತಿಂಗಳ ಸಂಬಳ ಇದ್ದವರಿಗೆ. ಇವರಿಗೆ ಸಿಕ್ಕಿದ್ದು ಮಣ್ಣು ಹೊರುವ ಕೂಲಿ. ಅಕ್ಕ ಬಾಣಲೆ ಬಾಣಲೆ ಹೊತ್ತು ಸುರಿದ ಮಣ್ಣು ಹಳ್ಳವನ್ನೇ ಮುಚ್ಚಿತು. ಹೋಗಲು ದಾರಿಯಿಲ್ಲದ ನೀರು ನೆಲದಡಿಯಿಂದ ತಗ್ಗಿಗೆ ನುಗ್ಗಿತು. ಗುಡಿಸಲಿನ ನೆಲ ಜಿನುಗಿತು, ಹಾಸಿಗೆ ಬೂಸ್ಟು ಹಿಡಿಯಿತು, ಅಕ್ಕನಿಗೆ ಹತ್ತಿದ ಕೆಮ್ಮು ಅವಳನ್ನು ತೆಗೆದುಕೊಂಡೇ ಹೋಯಿತು.

ಮುದುಕ ತೇಲಿದಾಗ ಇವನು ಬಡಾವಣೆಯ ಎಂಜಿನಿಯರ್ ಹತ್ತಿರ ಹೋಗಿದ್ದ. ನೀರು ಹೋಗಲು ಒಂದು ಕಾಲುವೆಯನ್ನಾದರೂ ತೋಡಿಸಿಕೊಡಿ ಎಂದು ಹೊಸ್ತಿಲಾಚೆ ನಿಂತು ಬೇಡಿಕೊಂಡಿದ್ದ. ಎಂಜಿನಿಯರ್ ಚಹಾ ಲೋಟ ಕೆಳಗಿಟ್ಟು, "ಸತ್ತವರಿಗೆ ಶೀತ ಆಗುತ್ತೇನೋ?" ಎಂದ. ಒಳಗಿದ್ದವರೆಲ್ಲ ನಕ್ಕರು. ಏನು ಮಾಡಬೇಕೆಂದು ತೋಚದೆ ಇವನೂ ಹಲ್ಲು ಕಿರಿದು ವಾಪಸು ಬಂದಿದ್ದ.

ಈಗ ಬಕೆಟ್ಟು ಎಸೆದು ಗುಂಡಿಯಿಂದ ಮೇಲೆ ಬಂದ.

"ಎತ್ತಿ ಭಾವ. ಮೇಲಕ್ಕೆ ಹೋಗೋಣ."

"ತಲೆ ಕೆಟ್ಟಿದ್ಯಾ ನಿಂಗೆ? ಕೈಕಾಲು ಮುರೀತಾರೆ."

"ಮುರೀಲಿ. ನೀರಲ್ಲಿ ಮಾತ್ರ ಹಾಕಲ್ಲ ಅವಳನ್ನ."

ಭಾವ ಅಮ್ಮನ ಮುಖ ನೋಡಿದ. ಅಮ್ಮ ಆಗಲೇ ಸೆರಗು ಬಿಗಿದು ಎದ್ದಿದ್ದಳು.

ಬಡಾವಣೆಯ ನಡುವೆ, ಹಳ್ಳ ಮುಚ್ಚಿದ ಜಾಗದಲ್ಲಿ ಪಾರ್ಕು ಮಾಡಿದ್ದರು. ಗೇಟು ಹಾಕಲು ಬಂದ ಕಾವಲುಗಾರನನ್ನು, ಹೆಣದ ಹಿಂದೆಯೇ ಬಂದಿದ್ದ ತಗ್ಗಿನ ಹೆಂಗಸರು ಪಕ್ಕಕ್ಕೆ ತಳ್ಳಿದರು. ಗುಂಡಿ ತೋಡುವವನು ಹುಲ್ಲು ಕೆತ್ತಿ ಗುದ್ದಲಿ ಹಾಕಿದ. ಆಳಕ್ಕೆ ಹೋದಷ್ಟೂ ಮಣ್ಣು ಪುಡಿಪುಡಿಯಾಗಿ, ಬೆಚ್ಚಗೆ ಏಳುತ್ತಿತ್ತು. ಅಂಥ ಮಣ್ಣನ್ನು ಅವನ ಕೈ ಮುಟ್ಟಿ ಎಷ್ಟೋ ಕಾಲವಾಗಿತ್ತು. ಸುತ್ತಲ ಮನೆಗಳವರು ಮಕ್ಕಳನ್ನು ಒಳಗೆಳೆದುಕೊಂಡು ಕಿಟಕಿ ಮುಚ್ಚಿದರು. ಯಾರೋ ಫೋನು ಮಾಡಿದರು.

ಎಂಜಿನಿಯರ್ ಪೊಲೀಸರನ್ನು ಕರೆದುಕೊಂಡು ಬರುವಷ್ಟರಲ್ಲಿ ಅಕ್ಕನನ್ನು ಇಳಿಸಿ ಆಗಿತ್ತು. ಮಣ್ಣು ಎಳೆಯುವುದೊಂದು ಬಾಕಿ.

"ಬೋಳಿಮಗನೇ, ಇದೇನು ನಿಮ್ಮಪ್ಪನ ಜಾಗಾನಾ?" ಇನ್‌ಸ್ಪೆಕ್ಟರ್ ಅವನ ಕತ್ತಿನ ಪಟ್ಟಿ ಹಿಡಿದ. "ಎತ್ತೋ ಹೆಣಾನ."

ಅವನು ಗುದ್ದಲಿ ಕೆಳಗಿಟ್ಟು ಅಮ್ಮನ ಪಕ್ಕ ಕೂತ.

"ನಂದು ಇಳಿಸೋ ಕೆಲ್ಸ ಸಾರ್. ಎತ್ತಬೇಕಂದ್ರೆ ನೀವೇ ಇಳೀರಿ."

ಇನ್‌ಸ್ಪೆಕ್ಟರ್ ಪೇದೆಯನ್ನು ನೋಡಿದ. ಪೇದೆ ಕಾವಲುಗಾರನನ್ನು ನೋಡಿದ. ಕಾವಲುಗಾರ ತನ್ನ ಬೂಟು ನೋಡಿಕೊಂಡ. ಎಂಜಿನಿಯರ್ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು, ಹಿಂದೆ ಹಿಂದೆ ಸರಿದು ಬೆಂಚಿಗೆ ತಗುಲಿ ನಿಂತ.

ಲಾಠಿ ಮೊದಲು ಭಾವನ ಬೆನ್ನ ಮೇಲೆ ಬಿತ್ತು, ಆಮೇಲೆ ಇವನ ಹೆಗಲ ಮೇಲೆ, ಮತ್ತೆ ಅದೇ ಹೆಗಲ ಮೇಲೆ. ಅವನು ಕೂತಲ್ಲಿಂದ ಕದಲಲಿಲ್ಲ. ಗುಂಡಿಗೆ ಯಾರೂ ಇಳಿಯಲಿಲ್ಲ.

ಹೊಡೆತದ ಸದ್ದಿನ ನಡುವೆಯೇ ಅಮ್ಮ ತೆವಳಿಕೊಂಡು ಗುಂಡಿಯ ಅಂಚಿಗೆ ಹೋದಳು. ರಾಶಿಯಿಂದ ಎರಡೂ ಕೈ ತುಂಬ ಮಣ್ಣು ಬಾಚಿ ಮಗಳ ಮೇಲೆ ಸುರಿದಳು. ಮತ್ತೆ ಬಾಚಿದಳು.