ಇಳಿಜಾರಿಗೆ ಹಸಿರು ಹೊಲಿಗೆ

ಟೈಲರ್ ಅಕ್ಕನ ಮನೆಯ ಹಿಂಗೋಡೆಯ ಬುಡದಲ್ಲಿ ಪಾಯದ ಕಲ್ಲು ಕಾಣತೊಡಗಿತ್ತು. ಹೋದ ಮಳೆಗಾಲಕ್ಕೆ ಒಂದು ಸಾಲು, ಈ ಸಲ ಎರಡು.

ಗೋಡೆಯಿಂದ ಚರಂಡಿಯವರೆಗೆ ಹಿತ್ತಲು ಜಾರಿಕೊಂಡೇ ಹೋಗುತ್ತದೆ. ಪ್ರತಿ ಭಾನುವಾರ ಅವಳು ಅಲ್ಲಿ ಒಂದು ಗರಿಕೆಯೂ ಉಳಿಯದಂತೆ ಗುದ್ದಲಿಯಲ್ಲಿ ಕೆರೆಯುತ್ತಿದ್ದಳು. ಮೊದಲು ಮೇಸ್ತ್ರಿ ಗಂಡ ಕೆರೆಯುತ್ತಿದ್ದ, ಇವಳು ಬುಟ್ಟಿಗೆ ತುಂಬುತ್ತಿದ್ದಳು. ಅವನು ತೀರಿಕೊಂಡ ಮೇಲೆ ಎರಡೂ ಕೆಲಸ ಇವಳದೇ. ಭಾನುವಾರ ಹೊಲಿಗೆ ಮಿಷನ್ ನಿಂತರೆ ಮನೆ ಬಿಕೋ ಎನ್ನುತ್ತಿತ್ತು. ಗುದ್ದಲಿಯ ಸದ್ದಿದ್ದರೆ ಅವನು ಹಿತ್ತಲಲ್ಲೇ ಇದ್ದಂತೆ.

ಒಂದು ಭಾನುವಾರ ಬೇಲಿಯಾಚೆಯಿಂದ ನೆರೆಮನೆಯವಳು ಇಣುಕಿದಳು. ಅವಳಿಗೆ ನರ್ಸರಿಯಲ್ಲಿ ಕೆಲಸ.

"ಅಕ್ಕಾ, ನೆಲಕ್ಕೆ ಕ್ಷೌರ ಮಾಡ್ತಿದ್ದೀರಾ? ಹೀಗೇ ಆದ್ರೆ ಗೋಡೆ ಬೀಳುತ್ತೆ."

"ಬಿಡ್ತು ಅನ್ನೇ! ನಮ್ಮ ಯಜಮಾನರು ಕಟ್ಟಿದ ಗೋಡೆ ಅದು."

"ಗೋಡೆ ಗಟ್ಟೀನೇ. ಕಾಲಡಿಯ ಮಣ್ಣೇ ಹೋದ್ರೆ ಅದೇನು ಮಾಡುತ್ತೆ ಪಾಪ?"

ಗುದ್ದಲಿ ಎಟುಕದ ಬೇಲಿ ಮೂಲೆಯಲ್ಲಿ ನೆಲಹಿಪ್ಪಲಿ ಹರಡಿತ್ತು. ನೆಲಕ್ಕಂಟಿದ ಬಳ್ಳಿ, ಗುಂಡುಸೂಜಿಯ ತಲೆಯಷ್ಟು ಬಿಳಿ ಹೂವು. ನೆರೆಯವಳು ಈಚೆ ಬಂದು ಬೋಳು ನೆಲದ ಮೇಲೆ ಒಂದು ಚೊಂಬು ನೀರು ಸುರಿದಳು, ಬಳ್ಳಿಯ ಮೇಲೆ ಇನ್ನೊಂದು. ಕೆಳಗೆ ಹರಿದದ್ದನ್ನು ಎರಡು ಲೋಟಗಳಲ್ಲಿ ಹಿಡಿದಳು. ಒಂದು ಚಹಾದ ಬಣ್ಣ, ಇನ್ನೊಂದು ಹೆಚ್ಚುಕಮ್ಮಿ ತಿಳಿನೀರು.

"ನೋಡಿ, ಬೋಳು ಮಣ್ಣಿಗೆ ಹನಿ ನೇರವಾಗಿ ಹೊಡೆದು ಸಡಿಲ ಮಾಡುತ್ತೆ. ಬಳ್ಳಿ ಇದ್ರೆ ಏಟು ಎಲೆಗೆ ಬೀಳುತ್ತೆ. ಮಣ್ಣನ್ನ ಬೇರು ಹಿಡ್ಕೊಳ್ಳುತ್ತೆ."

"ಹಾವು ಸೇರ್ಕೊಂಡ್ರೆ?"

"ಈ ಬಳ್ಳಿ ಗೇಣುದ್ದಕ್ಕಿಂತ ಮೇಲೇಳೋದು ಕಮ್ಮಿ. ಎದ್ರೆ ಕತ್ತರಿಸಿ. ಗೋಡೆ ಬುಡಕ್ಕೆ ಮಣ್ಣು ತುಂಬಿ ಚಪ್ಪಡಿ ಹಾಸಿ, ಅದರಾಚೆ ನೆಡಿ."

"ಇದರ ಕಷಾಯ ಮಂಡಿನೋವಿಗೆ ಒಳ್ಳೇದಂತೆ?"

"ಅದನ್ನ ಡಾಕ್ಟರನ್ನ ಕೇಳಿ. ನನಗೆ ಗೊತ್ತಿರೋದು ಮಣ್ಣಿನ ನೋವು ಮಾತ್ರ."

ಅಕ್ಕ ಒಂದು ಎಳೆ ಎತ್ತಿ ನೋಡಿದಳು. ಗಿಣ್ಣು ಗಿಣ್ಣಿಗೂ ಬೇರು ಇಳಿದಿತ್ತು. ಬಟ್ಟೆ ಜಾರದಂತೆ ತಾನು ಹಾಕುವ ಕಚ್ಚಾ ಹೊಲಿಗೆಯೇ! ಆದರೂ ಗುದ್ದಲಿ ಕೆಳಗಿಡಲಿಲ್ಲ.

"ಇದನ್ನ ನೆಟ್ಟುಬಿಟ್ರೆ ಭಾನುವಾರ ನಾನೇನು ಮಾಡ್ಲಿ?"

ನೆರೆಯವಳು ಗೋಡೆಯ ಮೇಲೆ ಕೈಯಿಟ್ಟಳು. "ಅಕ್ಕಾ, ಅವರ ಗುದ್ದಲಿ ಸದ್ದು ಉಳಿಸ್ಕೋತೀರೋ, ಅವರ ಗೋಡೆ ಉಳಿಸ್ಕೋತೀರೋ?"

ಅವತ್ತು ಅದೇ ಗುದ್ದಲಿಯಿಂದ ಅಕ್ಕ ಗೋಡೆ ಬುಡಕ್ಕೆ ಮಣ್ಣೆಳೆದು ಚಪ್ಪಡಿ ಹಾಸಿದಳು, ಅದರಾಚೆ ಗೇಣಿಗೊಂದು ಗುಳಿ ತೋಡಿದಳು. ಬೇರಿರುವ ತುಂಡುಗಳನ್ನು ನೆಟ್ಟು, ಹಿಡಿಯುವ ತನಕ ನೀರು ಹಾಕಿದಳು.

ಮುಂದಿನ ಮಳೆಗಾಲದಲ್ಲಿ ಚರಂಡಿಗೆ ತಿಳಿನೀರು ಇಳಿಯಿತು. ಪಾಯದ ಕಲ್ಲು ಮತ್ತೆ ಕಾಣಲಿಲ್ಲ. ಭಾನುವಾರ ಬೆಳಿಗ್ಗೆ ಅಕ್ಕ ಚಪ್ಪಡಿಯ ಮೇಲೆ ಕೂತಳು. ಹೂವಿನ ಮೇಲೆ ಜೇನುಗಳ ಸಣ್ಣ ಗುಂಯ್‌ಗುಡುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಒಂಟಿತನವೇನೂ ಹೋಗಿರಲಿಲ್ಲ. ಬೆನ್ನಿಗೆ ಮಾತ್ರ ಅವನ ಗೋಡೆ ಇತ್ತು.

ನಿಮ್ಮ ಹಿತ್ತಲ ಇಳಿಜಾರೂ ಬೋಳಾಗಿದೆಯೇ? ಒಂದು ಚೊಂಬು ನೀರು ಸುರಿದು, ಹರಿದ ನೀರಿನ ಬಣ್ಣ ನೋಡಿ. ಕದಡಿದ್ದರೆ ನಿಮ್ಮ ಮಣ್ಣಿಗೆ ಒಗ್ಗುವ ನೆಲಬಳ್ಳಿಯನ್ನು ಹತ್ತಿರದ ನರ್ಸರಿಯಲ್ಲಿ ಕೇಳಿ ನೆಡಿ. ಅಂಚು ದಾಟದಂತೆ ಕತ್ತರಿಸುತ್ತಿರಿ. ಹಾಗೆಯೇ, ಒಬ್ಬರೇ ಇರುವ ನೆರೆಯವರ ಬೇಲಿಯಾಚೆಗೂ ಒಮ್ಮೆ ಇಣುಕಿ ಮಾತಾಡಿಸಿ.