ಇಬ್ಬನಿ ಆರುವ ಮುಂಚೆ

"ಏಳಿ ಅತ್ತಿಗೆ, ಮಿಷಿನ್ನಿಗೆ ಕಣ್ಣಿರಲ್ಲ."

"ನಿಂಗಿದ್ಯಲ್ಲಪ್ಪ ಎರಡು, ಸಾಕು ಬಿಡು," ಎಂದಳು ಸೊಬುನ್. ಏಳಲಿಲ್ಲ.

ಊರಿನ ಮುಖ್ಯಸ್ಥ ದೊಕ್ಚಿಲ್ ಹುಲ್ಲು ಕತ್ತರಿಸುವ ಯಂತ್ರವನ್ನು ಹೆಗಲಿಗೆ ನೇತುಹಾಕಿಕೊಂಡು ಬದುವಿನ ಮೇಲೆ ನಿಂತಿದ್ದ. ಅವಳೋ ಸೊಂಟಕ್ಕೆ ಕಟ್ಟಿಕೊಂಡ ದುಂಡು ದಿಂಬಿನ ಮೇಲೆ, ಹೊಲದ ನಟ್ಟನಡುವೆ. ಯೊಸು ಪಟ್ಟಣದ ಕಡೆಯ ಆ ದ್ವೀಪದಲ್ಲಿ ಕೆಲಸದ ಹೆಂಗಸರಿಗೆಲ್ಲ ಈ ದಿಂಬು ಇದ್ದದ್ದೇ, ಕುಕ್ಕರಿಸಿದಲ್ಲೇ ಪೀಠ. ಸುತ್ತ ಮೊಣಕಾಲೆತ್ತರ ಗೊದುಲ್ಪೇಗಿ ಸೊಪ್ಪು. ಹಳದಿ ಹೂವು, ಹೂ ಬಾಡಿದಲ್ಲಿ ಬೀಜ ಹೊತ್ತ ಬಿಳಿ ಕುಚ್ಚು. ಕಿಮ್ಚಿ ಉಪ್ಪಿನಕಾಯಿಗೆಂದು ಬೇರು ಸಮೇತ ಕಿತ್ತು ಹತ್ತು ದಿನ ಉಪ್ಪುನೀರಲ್ಲಿ ಮುಳುಗಿಸಿಟ್ಟರೂ ಹಟ ಬಿಡದ ಕಹಿ ಅದರದ್ದು. ಗುಡ್ಡದಲ್ಲಿ ತನ್ನ ಪಾಡಿಗೆ ಬೆಳೆಯುತ್ತಿದ್ದುದನ್ನು ಮೊದಲು ಹೊಲಕ್ಕೆ ತಂದವಳು ಸೊಬುನ್‌ಳ ಅತ್ತೆ.

ಈ ವರ್ಷ ಬೆಳೆಗಾರರ ಸಂಘ ಕಹಿಯೇ ಇಲ್ಲದ ಹೊಸ ಬೀಜ ತರಿಸಿತ್ತು. ಎಲ್ಲರೂ ಅದನ್ನೇ ಬಿತ್ತಬೇಕು, ಹಳೆಯದನ್ನು ಬೀಜ ಹಾರುವ ಮೊದಲೇ ಸವರಿ ಹಾಕಬೇಕು. ಉಳಿದವರೆಲ್ಲ ಸವರಿ ಆಗಿತ್ತು. ಇನ್ನು ಮೂರು ಬೆಳಗು ಸಿಕ್ಕರೆ ಸೊಬುನ್‌ಳ ಬೀಜ ಚೀಲಕ್ಕೆ ಸೇರುತ್ತಿತ್ತು.

"ಪೇಟೆಯವರಿಗೆ ಕಹಿ ಬೇಡ್ವಂತೆ. ನಾನೇನು ಮಾಡ್ಲಿ?"

"ಬೇಡದವರು ಮೂಲಂಗಿ ತಿನ್ಲಿ."

"ನಿಮ್ಮ ಬೀಜ ಹಾರಿ ನನ್ನ ಹೊಲಕ್ಕೆ ಬಿದ್ರೆ? ಒಂದೇ ಒಂದು ಬೇರು ಕಹಿ ಬಂದ್ರೂ ಲಾರಿ ವಾಪಸ್ಸು!"

"ನಿನ್ನ ಹೆಂಡ್ತಿ ಬಸುರಿಯಾಗಿದ್ದಾಗ ಅನ್ನ ಸೇರದೆ ಮಲಗಿದ್ಲಲ್ಲ, ಬಟ್ಟಲು ಹಿಡ್ಕೊಂಡು ಯಾರ ಬಾಗಿಲಿಗೆ ಬಂದಿದ್ದೆ? ಕಹಿ ಇಲ್ಲದ್ದು ಕೊಡಿ ಅತ್ತಿಗೆ ಅಂದ್ಯಾ ಆವತ್ತು?"

ದೊಕ್ಚಿಲ್‌ನ ಕಿವಿ ಕೆಂಪಾಯಿತು. "ಅದು ಬೇರೆ ಮಾತು."

"ಅದೇ ಮಾತು."

ಅವನು ಬದುವಿನ ಮೇಲೆ ಕಾಲು ಬದಲಿಸಿದ. ಈ ಸಲ ದನಿ ತಗ್ಗಿತು. "ಸಂಘದಿಂದ ನಿಮ್ಮ ಹೆಸರು ತೆಗೀಬೇಕಾಗುತ್ತೆ ಅತ್ತಿಗೆ. ಆಮೇಲೆ ಕಿಮ್ಚಿ ಕಾರ್ಖಾನೆಯವರು ನಿಮ್ಮದು ಒಂದು ಕಂತೆನೂ ಮುಟ್ಟಲ್ಲ."

ಕುಚ್ಚು ಕೀಳುತ್ತಿದ್ದ ಅವಳ ಕೈ ನಿಂತಿತು. ಹೋದ ವರ್ಷದ ಬೆಳೆಯೆಲ್ಲ ಹೋಗಿದ್ದು ಆ ಕಾರ್ಖಾನೆಗೇ. ಗೊದುಲ್ಪೇಗಿಯ ಹಾಲು ಅಂಟಿ ಕಪ್ಪಾದ ಬೆರಳುಗಳನ್ನು ಒಂದು ಗಳಿಗೆ ನೋಡಿಕೊಂಡಳು. ಆಮೇಲೆ ಸಂಘದವರು ಕೊಟ್ಟಿದ್ದ ಹಸಿರು ಟೋಪಿಯನ್ನು ತೆಗೆದು ಬದುವಿಗೆ ಎಸೆದಳು.

"ತಗೊಂಡು ಹೋಗು. ಉಪ್ಪಿದೆ, ಜಾಡಿ ಇದೆ, ಕೈ ಇನ್ನೂ ಬಿದ್ದುಹೋಗಿಲ್ಲ. ಸಂತೇಲಿ ಕೂತು ನಾನೇ ಮಾರ್ತೀನಿ."

ದೊಕ್ಚಿಲ್ ರೇಗಿದ. ಯಂತ್ರದ ಹಗ್ಗ ಎಳೆದ. ಅದು ಅರಚಿಕೊಂಡಿತು. ಹೊಲದ ಅಂಚಿಗೆ ಬಾಗಿ ಒಂದು ಸಲ ಬೀಸಿದ್ದೇ ತಡ, ಬಿಳಿ ಕುಚ್ಚುಗಳು ಭುಸ್ಸನೆ ಎದ್ದು ಅವನ ಮುಖ, ಮೀಸೆ, ಕತ್ತಿನ ಸಂದಿಗೆಲ್ಲ ತುಂಬಿಕೊಂಡವು. ಸೊಬುನ್ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬೀಸು, ಬೀಸು! ಇಬ್ಬನಿ ಇರೋವಾಗ ಬಂದಿದ್ರೆ ಕುಚ್ಚು ಒದ್ದೆಯಾಗಿ ಮುದುಡಿ ಬಿದ್ದಲ್ಲೇ ಬಿದ್ದಿರೋದು. ಈಗ ಬಿಸಿಲು ಬಂತಪ್ಪ. ನೀನು ಬೀಸಿದ್ದಷ್ಟೂ ನಿನ್ನ ಹೊಲಕ್ಕೇ ಬಿತ್ತನೆ."

ಯಂತ್ರ ನಿಂತಿತು. ಬದುವಿನಾಚೆ, ಕಲ್ಲುಗೋಡೆಯ ಕೆಳಗೆ, ಅವನ ಉತ್ತ ಹೊಲ ಬಾಯಿ ಬಿಟ್ಟುಕೊಂಡು ಮಲಗಿತ್ತು.

"ಅದಕ್ಕೇನಾ ಇಷ್ಟೊತ್ತು ನನ್ನ ಮಾತಾಡಿಸಿದ್ದು?"

"ನಾನೆಲ್ಲಿ ಮಾತಾಡಿಸ್ದೆ? ಭಾಷಣ ಮಾಡಿದ್ದು ನೀನು."

ಅವನು ಥೂ ಥೂ ಎಂದು ತುಟಿಯ ಮೇಲಿನ ಕುಚ್ಚು ಉಗಿದ. "ನಾಳೆ ಬೆಳಕು ಹರಿಯೋ ಮೊದ್ಲೇ ಬರ್ತೀನಿ, ನೋಡ್ತಿರಿ."

"ಬಾ. ಅದಕ್ಕೂ ಮೊದ್ಲೇ ಇರ್ತೀನಿ."

ಅವನು ಇಳಿಜಾರಿನಲ್ಲಿ ಮರೆಯಾದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಎದ್ದಿತು. ಸೊಬುನ್ ಬೀಜದ ಚೀಲದ ಬಾಯಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಬೇಲಿಯ ನೆರಳಲ್ಲಿ ಇನ್ನೂ ತೇವ ಉಳಿದಿದ್ದ ಮೂಲೆಗೆ ಸರಿದಳು. ಅಲ್ಲಿನ ಮೊದಲ ಕುಚ್ಚು ಕೈಗೆ ತಣ್ಣಗೆ, ಒಂದು ಬೀಜವೂ ಹಾರದೆ ಇಡಿಯಾಗಿ ಬಂತು.