ದಾರ ಕಟ್ಟಿದ ಹಣ್ಣು

ಬೀಜಕ್ಕೆಂದು ನೀಲಿ ದಾರ ಕಟ್ಟಿ ಬಿಟ್ಟಿದ್ದ ಟೊಮೆಟೊ ಬೆಳಿಗ್ಗೆ ಗಿಡದಲ್ಲಿರಲಿಲ್ಲ. ದಾರ ಮಾತ್ರ ಮಹಡಿಯ ಮೇಲಿನ ಕುಂಡದ ಪಕ್ಕದಲ್ಲಿ ಬಿದ್ದಿತ್ತು.

ಅಮ್ಮನ ತಳಿ ಅದು. ಒಂದೊಂದು ಹಣ್ಣೂ ಅಂಗೈ ಮೀರಿ ಬೆಳೆಯುತ್ತದೆ. ಹೆಚ್ಚಿದರೆ ತಿರುಳೇ ತಿರುಳು, ಬೀಜ ಹುಡುಕಬೇಕು. ಅಮ್ಮ ಬಿಟ್ಟುಹೋದ ಪೊಟ್ಟಣದಲ್ಲಿ ಈ ವರ್ಷ ಮೊಳೆತದ್ದು ಒಂದೇ ಬೀಜ. ಉಳಿದ ಹಣ್ಣೆಲ್ಲ ತಿಂದಾಗಿತ್ತು, ಗಿಡ ಒಣಗುತ್ತಿತ್ತು. ಈ ಹಣ್ಣು ಹೋದರೆ ತಳಿಯೇ ಹೋದಂತೆ.

ಮಹಡಿ ಹತ್ತುವವರು ಇಬ್ಬರೇ: ನಾನು ಮತ್ತು ಕೆಳಗಿನ ಮನೆಯ ಅತ್ತಿಗೆ, ಅಣ್ಣನ ಹೆಂಡತಿ. ನಾನು ಕೇಳಲಿಲ್ಲ. ಕದ್ದವರು ಹೌದೆನ್ನುತ್ತಾರೆಯೇ? ಹೊಲಿಗೆ ಮಷಿನ್ ಮುಂದೆ ಕೂತು ಒಳಗೊಳಗೇ ಕುದ್ದೆ. ಅವಳು ಮಾತಾಡಿಸಲು ಬಂದಾಗಲೆಲ್ಲ ಗುಂಡುಸೂಜಿ ಕಚ್ಚಿಕೊಂಡು ಹೂಂಗುಟ್ಟಿದೆ.

ಮಧ್ಯಾಹ್ನ ಒಂದು ಬಟ್ಟಲು ಟೊಮೆಟೊ ಸೂಪ್ ಕಳಿಸಿದಳು. ಚಮಚದಲ್ಲಿ ತಳದವರೆಗೂ ಕೆದಕಿದೆ. ಒಂದೇ ಒಂದು ಬೀಜವಿಲ್ಲ, ಅಮ್ಮನ ತಳಿಯ ಹಣ್ಣೇ ಸರಿ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡದ್ದು ಕೇಳಿದ್ದೆ. ಇವಳು ಕುಂಬಳಕಾಯಿಯನ್ನೇ ಬೇಯಿಸಿ ಕಳಿಸಿದ್ದಳು. ಸೂಪ್ ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ಮೂರನೆಯ ದಿನ ಅವಳು ಅಂಗಡಿಗೆ ಹೋದಾಗ ಅವಳ ಅಡುಗೆಮನೆಗೆ ನುಗ್ಗಿದೆ. ಡಬ್ಬಿಗಳನ್ನೆಲ್ಲ ತೆರೆದೆ. ಬೀಜವಿಲ್ಲ. ಕಿಟಕಿಯ ಮೂಲೆಯಲ್ಲಿ ಒಂದು ಲೋಟ, ಮೇಲೆಲ್ಲ ಬಿಳಿ ಬೂಷ್ಟು, ಗಬ್ಬುನಾತ. ಎಂಥ ಗಲೀಜು ಹೆಂಗಸು ಎಂದುಕೊಂಡೆ. ಬಂದು ನಾಚಿಕೊಳ್ಳಲಿ ಎಂದು ಅದನ್ನು ಸಿಂಕಿಗೆ ಸುರಿದು, ಲೋಟವನ್ನು ಫಳಫಳ ತೊಳೆದು ಕವುಚಿಟ್ಟೆ.

ಅತ್ತಿಗೆ ಬಂದವಳು ಕಿಟಕಿಯನ್ನೇ ನೋಡಿದಳು.

"ಲೋಟ ಎಲ್ಲಿ?"

"ನಾರ್ತಿತ್ತು. ತೊಳೆದಿಟ್ಟೆ."

ಅವಳು ಚೀಲ ಕೆಳಗಿಟ್ಟಳು. "ಅದ್ರಲ್ಲಿ ನಿನ್ನ ಬೀಜ ಇತ್ತು ಕಣೆ. ಹಣ್ಣು ಒಡೆದು ಇರುವೆ ಹತ್ತಿತ್ತು, ಅದಕ್ಕೇ ಕಿತ್ತೆ. ಮೂರು ದಿನ ಕೊಳೆಸಿದ್ರೆ ಬೀಜದ ಮೇಲಿನ ಲೋಳೆ ಬಿಡುತ್ತೆ ಅಂತ ಅತ್ತೆ ಹೇಳ್ಕೊಟ್ಟಿದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೇ ಬರ್ತಿದ್ದೆ. ನಿನ್ನ ಬಾಯಲ್ಲಿ ಸೂಜಿ ಇರ್ತಿತ್ತು."

ಅಮ್ಮ ನನಗೆ ಪೊಟ್ಟಣ ಕೊಟ್ಟಿದ್ದಳು, ಕೆಲಸವನ್ನು ಇವಳಿಗೆ ಕಲಿಸಿದ್ದಳು. ನಾಚಿಕೆಯ ಜೊತೆ ಹೊಟ್ಟೆಯೂ ಉರಿಯಿತು.

ಅತ್ತಿಗೆ ಮಂಡಿಯೂರಿ ಸಿಂಕಿನ ಕೆಳಗಿನ ಪೈಪು ಬಿಚ್ಚಿದಳು. ನಾನು ಬಕೆಟ್ ಹಿಡಿದೆ. ಕೊಚ್ಚೆಯಲ್ಲಿ ಬೆರಳಾಡಿಸಿ, ಇಬ್ಬರೂ ಸೇರಿ ಹುಡುಕಿದ್ದಕ್ಕೆ ಸಿಕ್ಕಿದ್ದು ನಾಲ್ಕು ಬೀಜ.

ಅವನ್ನು ತೊಳೆದು ನನ್ನ ಅಂಗೈಗೆ ಹಾಕಿದಳು.

"ನೀನೇ ಇಟ್ಕೋ. ನನ್ನ ಹತ್ರ ಇದ್ರೆ ನಿಂಗೆ ನಿದ್ದೆ ಬರಲ್ಲ."